ಆಡಿದವನೇ ಬರೆದಿಟ್ಟ ಆಟ

ಐರ್ಲೆಂಡಿನಲ್ಲಿ ನೆಲೆಸಿದ ಮೇಲೆ ನನ್ನ ಮನಸ್ಸಿಗೆ ತುಂಬ ಹಿಡಿಸಿದವನು ಗೇಲಿಕ್ ಫುಟ್‌ಬಾಲ್ ಆಟಗಾರ ಡಿಕ್ ಫಿಟ್ಸ್‌ಜೆರಾಲ್ಡ್. ಕೆರ್ರಿ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಕಿಲಾರ್ನಿ ಊರಿನವನು, 1882ರಲ್ಲಿ ಹುಟ್ಟಿದವನು. ಊರವರು ಪ್ರೀತಿಯಿಂದ 'ಡಿಕೀನ್' ಅನ್ನುತ್ತಿದ್ದರು.

ಗೇಲಿಕ್ ಫುಟ್‌ಬಾಲ್ ಈ ದೇಶದವರ ಸ್ವಂತ ಆಟ. ಚೆಂಡನ್ನು ಒದೆಯಬಹುದು, ಕೈಯಲ್ಲೂ ಹಿಡಿಯಬಹುದು. ಈಗಲೂ ಆಟಗಾರರಿಗೆ ಸಂಬಳ ಇಲ್ಲ. ಹಗಲು ಕೆಲಸ ಮುಗಿಸಿ ಸಂಜೆ ಮೈದಾನಕ್ಕೆ ಬರುತ್ತಾರೆ, ತಮ್ಮ ಊರಿಗಾಗಿ ಆಡುತ್ತಾರೆ. ನಮ್ಮ ಹಳ್ಳಿಗಳ ಕಬಡ್ಡಿ ನೋಡಿದವರಿಗೆ ಈ ಅಭಿಮಾನ ಹೊಸದಲ್ಲ.

ಕೌಂಟಿ ತಂಡಗಳು ಸೆಣಸುವ ಅತಿ ದೊಡ್ಡ ಪ್ರಶಸ್ತಿ ಆಲ್-ಐರ್ಲೆಂಡ್. ಕೆರ್ರಿ ತಂಡ ಮೊದಲ ಬಾರಿಗೆ ಗೆದ್ದದ್ದು 1903ರ ಪ್ರಶಸ್ತಿ. ಪಂದ್ಯ ನಡೆದದ್ದು ಮಾತ್ರ ತಡವಾಗಿ, 1905ರಲ್ಲಿ. ಆ ತಂಡದಲ್ಲಿ ಡಿಕ್ ಇದ್ದ. ಒಟ್ಟು ಐದು ಸಲ ಗೆದ್ದ. 1913 ಮತ್ತು 1914ರಲ್ಲಿ ಅವನೇ ನಾಯಕ.

ಐದು ಸಲ ಗೆದ್ದವರು ಕೆರ್ರಿಯಲ್ಲಿ ಬೇರೆಯವರೂ ಇದ್ದಾರೆ. ಆದರೆ ನಾಯಕನಾಗಿ ಆಡುತ್ತಿರುವಾಗಲೇ, 1914ರಲ್ಲಿ, ಈ ಆಟ ಆಡುವುದು ಹೇಗೆ ಅಂತ ಡಿಕ್ ಒಂದು ಪುಸ್ತಕ ಬರೆದ. ಈ ಆಟ ಕಲಿಸುವ ಮೊದಲ ಪುಸ್ತಕ ಅದು. ಹಿಂದಿನ ವರ್ಷವಷ್ಟೇ ತಂಡವನ್ನು 17 ಜನರಿಂದ 15ಕ್ಕೆ ಇಳಿಸಿದ್ದರು. ಮೈದಾನದಲ್ಲಿ ಜಾಗ ಜಾಸ್ತಿಯಾಯಿತು. ಯಾರು ಎಲ್ಲಿ ನಿಲ್ಲಬೇಕು ಎಂಬ ಲೆಕ್ಕವೇ ಬದಲಾಯಿತು. ತಾನು ಕಂಡುಕೊಂಡದ್ದನ್ನು ಅವನು ಎಲ್ಲರ ಮುಂದಿಟ್ಟ. ವೆಕ್ಸ್‌ಫರ್ಡ್ ಕೌಂಟಿಯವರೂ ಅದನ್ನು ಕೊಂಡು ಓದಬಹುದಿತ್ತು ಅಲ್ವಾ? ಆ ಎರಡೂ ವರ್ಷ ಫೈನಲ್ಲಿನಲ್ಲಿ ಕೆರ್ರಿಗೆ ಎದುರು ನಿಂತವರು ಅವರೇ!

ನಮ್ಮಲ್ಲಿ ಕುಸ್ತಿಯ ಪಟ್ಟುಗಳು ಗರಡಿಯ ಮಣ್ಣಿನಲ್ಲೇ ಉಸ್ತಾದರಿಂದ ಶಿಷ್ಯನಿಗೆ ದಾಟುತ್ತವೆ. ಆ ಕಲಿಕೆಗೆ ಸಮ ಇಲ್ಲ, ಒಪ್ಪುತ್ತೇನೆ. ಪುಸ್ತಕ ಓದಿ ಯಾರೂ ಪೈಲ್ವಾನ್ ಆಗುವುದಿಲ್ಲ. ಆದರೆ ಗರಡಿಗೆ ಹುಡುಗರು ಬರುವುದು ನಿಂತರೆ, ಉಸ್ತಾದರ ಜೊತೆಗೇ ಆ ಪಟ್ಟುಗಳೂ ಹೋಗಿಬಿಡುತ್ತವೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

1916ರಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಐರ್ಲೆಂಡಿನಲ್ಲಿ ನಡೆದ ದಂಗೆಯ ನಂತರ ಬ್ರಿಟಿಷರು ಡಿಕ್‌ನನ್ನು ವೇಲ್ಸ್‌ನ ಫ್ರಾನ್‌ಗಾಕ್ ಶಿಬಿರದಲ್ಲಿ ಬಂಧಿಸಿಟ್ಟರು. ಅಲ್ಲೂ ಬಂದಿಗಳು ಗೇಲಿಕ್ ಫುಟ್‌ಬಾಲ್ ಆಡಿದರು, ಅವನೂ ಆಡಿದ. 1930ರ ಸೆಪ್ಟೆಂಬರಿನಲ್ಲಿ ಕಿಲಾರ್ನಿಯ ಕೋರ್ಟ್ ಕಟ್ಟಡದ ಮೇಲಿಂದ ಬಿದ್ದು ತೀರಿಕೊಂಡ. ಫೈನಲ್ಲಿಗೆ ಕೆಲವೇ ದಿನ ಉಳಿದಿತ್ತು. ಆ ದುಃಖದಲ್ಲೇ ಆಡಿದ ಕೆರ್ರಿ ಮೊನಾಹನ್ ತಂಡವನ್ನು ಸೋಲಿಸಿತು.

ಊರವರು ಅವನ ಹೆಸರಿನಲ್ಲಿ ಮೈದಾನ ಕಟ್ಟಿದರು. 1936ರಲ್ಲಿ ತೆರೆದ ಆ ಫಿಟ್ಸ್‌ಜೆರಾಲ್ಡ್ ಸ್ಟೇಡಿಯಮ್ಮಿಗೆ ಪಕ್ಕದ ಮಾನಸಿಕ ಆಸ್ಪತ್ರೆಯ ರೋಗಿಗಳೂ ದುಡಿದಿದ್ದಾರೆ. ಆ ಕೆಲಸಕ್ಕೆ ಮುಂದೆ ನಿಂತವರು ಅಲ್ಲಿನ ವೈದ್ಯರಾದ ಎಮನ್ ಓಸಲಿವನ್. ಕೆರ್ರಿಗೆ ತರಬೇತಿ ಕೊಡುತ್ತಿದ್ದವರೂ ಅವರೇ. 1958ರಲ್ಲಿ ಅವರೂ ಈ ಆಟದ ಬಗ್ಗೆ ಪುಸ್ತಕ ಬರೆದರು. ಡಿಕ್ ಹಾಕಿಕೊಟ್ಟ ದಾರಿ ಹೀಗೆ ಮುಂದುವರಿಯಿತು.

ಊರಲ್ಲಿರುವ ನಮ್ಮ ಹುಡುಗರನ್ನು ಕೇಳಿಕೊಳ್ಳುತ್ತೇನೆ. ಹಳೆಯ ಉಸ್ತಾದರು, ಕಬಡ್ಡಿ ಆಡಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮುಂದೆ ಫೋನಿಟ್ಟು ಮಾತಾಡಿಸಿ. ಕಾಲು ಎಲ್ಲಿ ಊರಬೇಕು, ಎದುರಾಳಿ ಯಾವ ಕಡೆ ಹೊರಳುತ್ತಾನೆ ಅಂತ ಹೇಗೆ ತಿಳಿಯಬೇಕು, ಯಾವ ಪಟ್ಟಿಗೆ ಯಾವುದು ಬಿಡುಗಡೆ, ಎಲ್ಲ ಕೇಳಿ. ಅವರ ಹೆಸರು, ಊರು ಹಾಕಿ ಕನ್ನಡದಲ್ಲೇ ಬರೆಯಿರಿ.