ಆ ನೋಟ್‌ಬುಕ್ಕಿಗೆ ಕಾನೂನಿನ ಮುದ್ರೆ ಬೇಡ

ನನ್ನ ಬಾಮೈದ ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟಿನ ಲೆಕ್ಕ ಬರೆಯುತ್ತಿದ್ದ. ಕೆಲವು ವರ್ಷಗಳ ಹಿಂದೆ ಐಪಿಎಲ್ ಶುರುವಾಗುವ ಹೊತ್ತಿಗೆ ಒಂದು ಹೊಸ ನೋಟ್‌ಬುಕ್ ಮಾಡಿದ. ಅದರಲ್ಲಿ 9 ಜನರ ಹೆಸರು. ಒಬ್ಬೊಬ್ಬರದ್ದು 10 ಸಾವಿರದ ಶೇರು. ಎಲ್ಲರ ದುಡ್ಡು ಒಟ್ಟು ಮಾಡಿ ಇವನು ಬೆಟ್ಟಿಂಗ್ ಕಟ್ಟುವುದು, ಬಂದ ಲಾಭ ಹಂಚುವುದು. ಗೊತ್ತಾದಾಗ ನಾನು ಬೈದೆ. "ಭಾವ, ಇದು ಜುಗಾರಿ ಅಲ್ಲ, ಲೆಕ್ಕ ಇಟ್ಟು ಮಾಡುವ ಬಿಸ್ನೆಸ್ಸು" ಅಂದ.

ಮೊದಲ ಎರಡು ವಾರ ಲಾಭ ಹಂಚಿದ್ದೂ ನಿಜ. ಮೇ ಕೊನೆಗೆ ಎಲ್ಲ ಖಾಲಿ.

ಮೇ ಕೊನೆ ಅಂದರೆ ಏನು ಅಂತ ನಮ್ಮ ಕರಾವಳಿಯವರಿಗೆ ಗೊತ್ತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆ ಬಂದ್. ಬೋಟಿನಲ್ಲಿ ದುಡಿಯುವ ಖಲಾಸಿಯ ಮನೆ ನಡೆಯುವುದು ಅಲ್ಲಿಯವರೆಗೆ ಕೂಡಿಟ್ಟ ದುಡ್ಡಿನಲ್ಲಿ. ಮಕ್ಕಳ ಪುಸ್ತಕ, ಯೂನಿಫಾರ್ಮ್, ಸೋರುವ ಮಾಡಿಗೆ ಟಾರ್ಪಾಲ್, ಎಲ್ಲ ಖರ್ಚೂ ಆಗಲೇ ಬರುತ್ತದೆ. ಆ 9 ಜನರಲ್ಲಿ 5 ಮಂದಿ ಖಲಾಸಿಗಳು. ಒಬ್ಬರ ಹೆಂಡತಿ ಜೋರು ಮಳೆಯಲ್ಲಿ ನಮ್ಮ ಮನೆಗೆ ಬಂದರು. ಬೈಯಲಿಲ್ಲ. "ಅಣ್ಣ, ಅರ್ಧ ಆದ್ರೂ ಕೊಡಿಸಿ" ಅಂದರು. ಗಂಡ ಶೇರು ಹಾಕಿದ್ದು ಅವರಿಗೆ ಗೊತ್ತೇ ಇರಲಿಲ್ಲ.

ಇದೆಲ್ಲ ಮತ್ತೆ ನೆನಪಾಗಿದ್ದು ಅಮೆರಿಕದ ನೆವಾಡಾ ರಾಜ್ಯದ ಒಂದು ಕಾನೂನಿನ ಬಗ್ಗೆ ಓದುವಾಗ. 2015ರಲ್ಲಿ ಅಲ್ಲಿ ಕಂಪನಿಗಳಿಗೇ ಕ್ರೀಡೆ ಮತ್ತು ಕುದುರೆ ರೇಸಿನ ಮೇಲೆ ಬಾಜಿ ಕಟ್ಟಲು ಅನುಮತಿ ಕೊಟ್ಟರು. ಹತ್ತಾರು ಜನ ದುಡ್ಡು ಹಾಕುವುದು, ಅವರ ಪರವಾಗಿ ಕಂಪನಿ ಬಾಜಿ ಕಟ್ಟುವುದು. ಹೆಚ್ಚು ಕಡಿಮೆ ಮ್ಯೂಚುವಲ್ ಫಂಡ್ ಇದ್ದ ಹಾಗೆ. ಪಾಲುದಾರರು ಯಾರು ಅಂತ ತಿಳಿಸಬೇಕು ಅನ್ನುವಂಥ ನಿಯಮಗಳೂ ಇವೆ. ಓದುತ್ತಾ ನನಗೆ ಕಂಡದ್ದು ಬಾಮೈದನ ನೋಟ್‌ಬುಕ್ಕೇ. ಅದಕ್ಕೊಂದು ಸರ್ಕಾರಿ ಮುದ್ರೆ ಬಿದ್ದಿದೆ, ಅಷ್ಟೇ.

ಇಂಥದ್ದು ನಮ್ಮಲ್ಲೂ ಬರಲಿ, ಕಾನೂನು ಇದ್ದರೆ ಮೋಸ ಆಗಲ್ಲ ಅನ್ನುವವರಿದ್ದಾರೆ. ಅವರಿಗೆ ಒಂದು ಮಾತು ಹೇಳಬೇಕು. ಬಾಮೈದ ಮೋಸ ಮಾಡಿರಲಿಲ್ಲ. ಆ ನೋಟ್‌ಬುಕ್ಕನ್ನು ನಾನೇ ಕೂತು ನೋಡಿದ್ದೇನೆ. ಒಂದು ರೂಪಾಯಿ ಆಚೀಚೆ ಆಗಿರಲಿಲ್ಲ. ಲೆಕ್ಕ ಸರಿ ಇತ್ತು, ದುಡ್ಡು ಇರಲಿಲ್ಲ.

ಯಾಕೆ ಅಂದರೆ ಆಟದ ಲೆಕ್ಕವೇ ಹಾಗಿದೆ. ಅಮೆರಿಕದಲ್ಲಿ ಸಮಬಲದ ಪಂದ್ಯಕ್ಕೆ ಸಾಮಾನ್ಯವಾಗಿ 100 ಗೆಲ್ಲಬೇಕಾದರೆ 110 ಕಟ್ಟಬೇಕು. 100 ಪಂದ್ಯದಲ್ಲಿ 50 ಗೆದ್ದಿರಿ ಅಂದುಕೊಳ್ಳಿ. ಬಂದದ್ದು 5,000. ಸೋತ 50ರಲ್ಲಿ ಹೋದದ್ದು 5,500. ಅರ್ಧಕ್ಕರ್ಧ ಗೆದ್ದರೂ 500 ಕೈಬಿಟ್ಟಿತು. 100ರಲ್ಲಿ 53 ಗೆದ್ದರೆ ಮಾತ್ರ ಏನಾದರೂ ಉಳಿಯುತ್ತದೆ. ಕುದುರೆ ರೇಸಿನ ಟೋಟ್‌ನಲ್ಲೂ, ಅಂದರೆ ಎಲ್ಲರ ಬಾಜಿ ಒಟ್ಟು ಸೇರಿಸಿ ಗೆದ್ದವರಿಗೆ ಹಂಚುವ ಪದ್ಧತಿಯಲ್ಲೂ ಅಷ್ಟೇ, ಒಟ್ಟಾದ ಹಣದಲ್ಲಿ ಮೊದಲು ಒಂದು ಪಾಲು ಕಡಿದುಕೊಂಡೇ ಉಳಿದದ್ದನ್ನು ಹಂಚುತ್ತಾರೆ. ಕುದುರೆ ರೇಸ್ ಕೌಶಲದ ಆಟ ಅಂತ ಸುಪ್ರೀಂ ಕೋರ್ಟೇ 1996ರಲ್ಲಿ ಹೇಳಿದೆ. ಒಪ್ಪೋಣ. ಆದರೆ ಎಷ್ಟೇ ಕೌಶಲ ಇರಲಿ, ಆ ಪಾಲು ಮೊದಲು ಹೋಗಿಯೇ ಹೋಗುತ್ತದೆ. ಇನ್ನು ಕಂಪನಿ ನಡೆಸುವವನ ಸಂಬಳ, ಕಮಿಷನ್ನು ಬೇರೆ.

ಕದ್ದುಮುಚ್ಚಿ ನಡೆಯುವುದರ ಬದಲು ಸರ್ಕಾರಕ್ಕೆ ತೆರಿಗೆಯಾದರೂ ಬರಲಿ ಅನ್ನುವ ವಾದ ಇದೆ. ಕ್ರಿಕೆಟ್ ಬೆಟ್ಟಿಂಗನ್ನು ಕಾನೂನಿನೊಳಗೆ ತನ್ನಿ ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ್ದ ಲೋಧಾ ಸಮಿತಿಯೂ ಹೇಳಿತ್ತು. ದೊಡ್ಡವರ ಮಾತು, ಸುಮ್ನೆ ತಳ್ಳಿಹಾಕಲು ಆಗಲ್ಲ. ಆದರೆ ನಾವು ಗೋವಾಕ್ಕೆ ತಾಗಿದ ಮಾಜಾಳಿ ಗಡಿಯ ಪಕ್ಕದಲ್ಲಿ ಇರುವವರು. ಗೋವಾದ ಕ್ಯಾಸಿನೋ ಏನು ಅಂತ ನಮಗೆ ಗೊತ್ತು. ತೆರಿಗೆ ಬರುತ್ತದೆ, ಸರಿ. ಅದೇ ಗೋವಾ ಸರ್ಕಾರ 2020ರಲ್ಲಿ ಗೋವಾದವರೇ ಕ್ಯಾಸಿನೋದಲ್ಲಿ ಆಡುವ ಹಾಗಿಲ್ಲ ಅಂತ ಮಾಡಿತು. ಅವರ ಜನರಿಗೆ ಬೇಡವಾದದ್ದಕ್ಕೆ ನಮ್ಮ ಹುಡುಗರು ಗಡಿ ದಾಟಿ ದುಡ್ಡು ಸುರಿದು ಬರುತ್ತಾರೆ. ಇದು ಯಾವ ನ್ಯಾಯ ಅಂತ ಯಾರಾದರೂ ನನಗೆ ಹೇಳಿ.

ಹಾಗಾಗಿ 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ ನನಗೆ ನಿಜಕ್ಕೂ ಸಮಾಧಾನ ಆಯಿತು. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಆಡಿ ಕಳೆದುಕೊಂಡವನಿಗೆ ಶಿಕ್ಷೆ ಇಲ್ಲ. ಅದೂ ಸರಿಯೇ. ಅವನಿಗೆ ಆಗಲೇ ಆಗಿದೆ.

ರೇಸ್ ಕೋರ್ಸಿಗೆ ಹೋಗಿ ಒಬ್ಬ ತನ್ನ ಜೇಬಿನ ದುಡ್ಡು ಕಟ್ಟುವುದು ಬೇರೆ. ಅದನ್ನೇ ಹೂಡಿಕೆ ಅಂತ ಕರೆದು, ಬೋರ್ಡು ಹಾಕಿ, ಇನ್ನೊಬ್ಬನ ಮಳೆಗಾಲದ ದುಡ್ಡು ಕೇಳುವುದು ಬೇರೆ. ಜುಗಾರಿ ಅಂತ ಹೇಳಿದ್ದರೆ ಆ ಖಲಾಸಿಗಳಲ್ಲಿ 3 ಮಂದಿಯಾದರೂ ದುಡ್ಡು ಕೊಡುತ್ತಿರಲಿಲ್ಲ. ಹಾಗಂತ ಅವರೇ ನನ್ನ ಹತ್ತಿರ ಹೇಳಿದ್ದಾರೆ. ಬಿಸ್ನೆಸ್ಸು ಅಂದದ್ದಕ್ಕೆ ಕೊಟ್ಟರು.

ಬಾಮೈದ ಈಗ ಬೇರೆ ಕೆಲಸದಲ್ಲಿದ್ದಾನೆ. ತಿಂಗಳು ತಿಂಗಳು ನಾವಿಬ್ಬರೂ ಸೇರಿ ಸ್ವಲ್ಪ ಸ್ವಲ್ಪ ತೀರಿಸುತ್ತಿದ್ದೇವೆ. ಮೊದಲು ಕೊಟ್ಟದ್ದು ಆ ಮಳೆಯಲ್ಲಿ ಬಂದವರ ಮನೆಗೆ. ಇನ್ನೂ 4 ಜನರದ್ದು ಬಾಕಿ ಇದೆ.