ದುಂಡು ಮೇಜಿನಿಂದ ಕ್ಯಾಷ್ ಕೌಂಟರಿಗೆ

ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂರುವವನಿಗೆ ಏನು ಗೊತ್ತಿರಬೇಕು? ನೋಟು ಎಣಿಸುವುದು, ಖೋಟಾ ನೋಟು ಗುರುತಿಸುವುದು, ಕಿಂಡಿಯಾಚೆ ನಿಂತವರ ಮಾತು ತಿಳಿಯುವುದು ಎಂದು ನೀವು ಉತ್ತರಿಸಿದರೆ, ಬ್ಯಾಂಕ್ ಗುಮಾಸ್ತರನ್ನು ಆರಿಸುವ ಪರೀಕ್ಷೆಯ ಲೆಕ್ಕದಲ್ಲಿ ಅದು ತಪ್ಪು ಉತ್ತರ, ನಿಮಗೆ ಕಾಲು ಅಂಕ ಕಡಿತ. ಎ ಇಂದ ಎಚ್ ವರೆಗಿನ ಎಂಟು ಜನ ಒಂದು ದುಂಡು ಮೇಜಿನ ಸುತ್ತ ಕೂತಿದ್ದಾರೆ. ಕೆಲವರ ಮುಖ ಒಳಕ್ಕೆ, ಕೆಲವರದು ಹೊರಕ್ಕೆ. ಹಸಿರು ಬಣ್ಣ ಇಷ್ಟಪಡುವವನ ಎಡಕ್ಕೆ ಮೂರನೆಯವನು ಬಿ. ಡಿ ಮತ್ತು ಜಿ ಅಕ್ಕಪಕ್ಕ ಕೂರುವವರಲ್ಲ. ಹಾಗಾದರೆ ಎಫ್ ಪಕ್ಕದಲ್ಲಿ ಯಾರು? ಗೊತ್ತಿರಬೇಕಾದದ್ದು ಇದು. ಇಷ್ಟೂ ತಿಳಿಯದವನ ಕೈಗೆ ವಿಜಯಪುರದ ಜನ ತಮ್ಮ ರೊಕ್ಕ ಕೊಡುವುದಾದರೂ ಹೇಗೆ?

ಈ ದುಂಡು ಮೇಜನ್ನು ನಾನು ನಮ್ಮೂರಿನ ಬ್ಯಾಂಕುಗಳಲ್ಲೆಲ್ಲ ಹುಡುಕಿದ್ದೇನೆ. ಎಲ್ಲಿಯೂ ಇಲ್ಲ. ಇಲ್ಲಿ ಜನ ಸಾಲಿನಲ್ಲಿ ನಿಲ್ಲುತ್ತಾರೆ, ಎಲ್ಲರ ಮುಖವೂ ಕೌಂಟರಿನ ಕಡೆಗೇ ಇರುತ್ತದೆ. ಹೊರಮುಖವಾಗಿ ತಿರುಗುವುದು ‘ಸರ್ವರ್ ಇಲ್ಲ’ ಎಂದು ಒಳಗಿನಿಂದ ಕೂಗಿದಾಗ ಮಾತ್ರ.

ಸರ್ಕಾರಿ ಬ್ಯಾಂಕುಗಳಿಗೆ ನೌಕರರನ್ನು ಆರಿಸಿಕೊಡುವ ಸಂಸ್ಥೆ ಐಬಿಪಿಎಸ್ ನಡೆಸುವ ಈ ಪರೀಕ್ಷೆಯ ಮೊದಲ ಹಂತದಲ್ಲಿ ಒಂದು ಗಂಟೆಗೆ 100 ಪ್ರಶ್ನೆ. ಇಂಗ್ಲಿಷಿಗೆ 30, ಲೆಕ್ಕಕ್ಕೆ 35, ತರ್ಕಕ್ಕೆ 35. ಪ್ರತಿ ಭಾಗಕ್ಕೆ 20 ನಿಮಿಷ, ಬೇಗ ಮುಗಿಸಿದೆನೆಂದು ಮುಂದಿನ ಭಾಗಕ್ಕೆ ನೆಗೆಯುವಂತಿಲ್ಲ. ಇಷ್ಟೆಲ್ಲ ಬೆವರು ಸುರಿಸಿ ಗಳಿಸಿದ ಅಂಕ ಕೊನೆಯ ಆಯ್ಕೆಪಟ್ಟಿಯಲ್ಲಿ ಲೆಕ್ಕಕ್ಕೇ ಬರುವುದಿಲ್ಲ, ಮುಖ್ಯ ಪರೀಕ್ಷೆಯ ಬಾಗಿಲು ತೆರೆಯಲು ಮಾತ್ರ. ಬಾಗಿಲಿನ ಒಳಗೆ ಇನ್ನೂ ದೊಡ್ಡ ಮೇಜು, ಇನ್ನೂ ಹೆಚ್ಚು ಜನ. 2025ರಲ್ಲಿ ಒಂದು ಸುಧಾರಣೆಯೂ ಆಯಿತು. ಗುಮಾಸ್ತ ಎಂಬ ಹಳೆಯ ಹೆಸರು ಹೋಗಿ ‘ಕಸ್ಟಮರ್ ಸರ್ವಿಸ್ ಅಸೋಸಿಯೇಟ್’ ಬಂತು. ಕುರ್ಚಿ ಅದೇ, ಕಿಂಡಿ ಅದೇ, ಹಗ್ಗ ಕಟ್ಟಿದ ಪೆನ್ನೂ ಅದೇ.

ಒಂದು ಮಾತು ಒಪ್ಪಬೇಕು. 2016ರಿಂದ ಈ ಹುದ್ದೆಗೆ ಸಂದರ್ಶನ ತೆಗೆದುಹಾಕಿದ್ದು ಒಳ್ಳೆಯದೇ ಆಯಿತು. ಸಂದರ್ಶನದ ರುಚಿ ನೋಡಬೇಕಾದವರು ಸಣ್ಣಪುಟ್ಟ ಪತ್ತಿನ ಸಂಘಗಳಲ್ಲಿ ಕೆಲಸ ಕೇಳಿದ ಹುಡುಗರನ್ನು ಮಾತನಾಡಿಸಲಿ. ಎಷ್ಟೋ ಕಡೆ ಪ್ರಶ್ನೆಗಳು ಎರಡೇ: ‘ನೀನು ಯಾರ ಪೈಕಿ?’, ‘ಎಷ್ಟು ಠೇವಣಿ ತರುತ್ತೀ?’ ಮೊದಲನೆಯದಕ್ಕೆ ಸರಿಯಾಗಿ ಉತ್ತರಿಸಿದರೆ ಎರಡನೆಯದರಲ್ಲಿ ರಿಯಾಯಿತಿ ಸಿಗುವುದುಂಟು. ಇದರ ಎದುರು ದುಂಡು ಮೇಜು ನಿಜಕ್ಕೂ ಪವಿತ್ರ. ಅದರ ಸುತ್ತ ಕೂತವರ ಜಾತಿಯಾಗಲಿ, ಅವರ ಮಾವನ ಪಕ್ಷವಾಗಲಿ ಯಾರಿಗೂ ಗೊತ್ತಿಲ್ಲ. ನನ್ನ ತಕರಾರು ಇಷ್ಟೇ: ವಶೀಲಿಯನ್ನು ಹೊರಗೆ ಹಾಕುವಾಗ ಅದರ ಹಿಂದೆಯೇ ಕೆಲಸವನ್ನೂ ಹೊರಗೆ ಹಾಕಿದರು.

ತರ್ಕದ ಪತ್ರಿಕೆಯಲ್ಲಿ ರಕ್ತಸಂಬಂಧದ ಪ್ರಶ್ನೆಗಳೂ ಇರುತ್ತವೆ. ಒಬ್ಬಳು ಫೋಟೊ ತೋರಿಸಿ, ‘ಇವನು ನನ್ನ ತಾಯಿಯ ತಮ್ಮ’ ಎನ್ನುತ್ತಾಳೆ, ಅವನು ಅವಳಿಗೆ ಏನಾಗಬೇಕು? ಕೋಚಿಂಗ್ ಸೆಂಟರಿನಲ್ಲಿ ಬಾಣದ ಗುರುತು ಹಾಕಿ, ‘ಸೋದರಮಾವ’ ಎಂದು ಐದು ಸೆಕೆಂಡಿನಲ್ಲಿ ಗೆರೆ ಎಳೆಯುವುದನ್ನು ಕಲಿಸುತ್ತಾರೆ. ಅದೇ ಹುಡುಗ ನೌಕರಿ ಹಿಡಿದು ಸಿಂದಗಿ ಕಡೆಯ ಶಾಖೆಗೆ ಬಂದ ಎನ್ನಿ. ಹೆಣ್ಣುಮಗಳೊಬ್ಬಳು ಖಾತೆ ತೆರೆಯಲು ಬರುತ್ತಾಳೆ.

‘ನಾಮಿನಿ ನಿಮಗೆ ಏನಾಗಬೇಕು?’

‘ಸೋದರಮಾವ ಆಗಬೇಕು, ಸಾಹೇಬರೇ.’

‘ಗಂಡ ಇಲ್ಲವೇ?’

‘ಅವರೇ ಗಂಡ. ಅಕ್ಕನ ಮಗಳೆಂದು ನನ್ನನ್ನು ಮಾಡಿಕೊಂಡರು.’

‘ಹಾಗಾದರೆ ಅತ್ತೆ?’

‘ಅಜ್ಜಿ.’

ಹುಡುಗ ಬೆವರುತ್ತಾನೆ. ಕಂಪ್ಯೂಟರಿನ ಪರದೆ ಒಂದೇ ಸಂಬಂಧ ಕೇಳುತ್ತದೆ. 35 ಪ್ರಶ್ನೆಗಳನ್ನು 20 ನಿಮಿಷದಲ್ಲಿ ಬಿಡಿಸಿದ ತಲೆಗೆ ಈ ಒಂದು ಕುಟುಂಬವನ್ನು ಬಿಡಿಸಲು ಆಗುವುದಿಲ್ಲ. ನಮ್ಮ ಕಡೆ ಅರ್ಧ ಊರಿನ ವಂಶವೃಕ್ಷಕ್ಕೆ ‘ದತ್ತಾಂಶ ಸಾಲದು’ ಎಂಬ ಆಯ್ಕೆಯೇ ಸರಿ ಎನ್ನಿಸುತ್ತದೆ.

ಲೆಕ್ಕದ ಪತ್ರಿಕೆಯ ವಿಚಾರವೂ ಬೇರೆಯಲ್ಲ. ತುಂಬುವ ನಲ್ಲಿ, ಸೋರುವ ತೊಟ್ಟಿ, ಎದುರುಬದುರಾಗಿ ಓಡುವ ರೈಲು, ಹಾಲಿಗೆ ನೀರು ಬೆರೆಸುವ ಗೌಳಿ. ಬ್ಯಾಂಕಿಗೆ ನಿಜವಾಗಿ ಬೇಕಾದ ಕ್ಷೇತ್ರಗಣಿತ ಒಂದಿದೆ, ಅದನ್ನು ಯಾರೂ ಕೇಳುವುದಿಲ್ಲ. ಜೋಳದ ಚೀಲದ ಸಂದಿಯಲ್ಲಿ ಇಟ್ಟ 500 ರೂಪಾಯಿ ನೋಟನ್ನು ಇಲಿ ಕಡಿದಿದೆ. ಮುದುಕಿ ಅದನ್ನು ಸೀರೆಯ ಸೆರಗಿನ ಗಂಟಿನಿಂದ ಬಿಚ್ಚಿ, ಮಡಿಕೆ ಬಿಡಿಸಿ, ಅಂಗೈಯಿಂದ ತೀಡಿ, ಕಿಂಡಿಯೊಳಗೆ ತಳ್ಳುತ್ತಾಳೆ. ಒಂದು ಮೂಲೆ ಪೂರ್ತಿ ಇಲ್ಲ, ಅಂಚಿನಲ್ಲಿ ಹಲ್ಲಿನ ಗುರುತು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 50 ರೂಪಾಯಿ ಮತ್ತು ಅದಕ್ಕಿಂತ ದೊಡ್ಡ ನೋಟಿನ ಒಂದೇ ತುಂಡು 80 ಶೇಕಡಾಕ್ಕಿಂತ ಹೆಚ್ಚು ಉಳಿದಿದ್ದರೆ ಪೂರ್ತಿ ಬೆಲೆ, 40ರಿಂದ 80ರ ನಡುವೆ ಇದ್ದರೆ ಅರ್ಧ, ಅದಕ್ಕೂ ಕಡಿಮೆಯಾದರೆ ಏನೂ ಇಲ್ಲ. ನೋಟು 15 ಸೆಂಟಿಮೀಟರ್ ಉದ್ದ, 6.6 ಅಗಲ, ಒಟ್ಟು 99 ಚದರ ಸೆಂಟಿಮೀಟರ್. ಇಲಿ ತಿಂದದ್ದು ಎಷ್ಟು? ಇಲಿಗಳು ಲಂಬಕೋನ ತ್ರಿಭುಜದಲ್ಲಿ ಕಡಿಯುವ ಪದ್ಧತಿ ನಮ್ಮ ಜಿಲ್ಲೆಯಲ್ಲಿಲ್ಲ.

‘ಅವ್ವ, ಇದಕ್ಕೆ ಅರ್ಧವೇ ಬರುತ್ತದೆ’ ಎಂದು ಹೇಳುವುದಕ್ಕೂ ಒಂದು ವಿದ್ಯೆ ಬೇಕು. ಖೋಟಾ ನೋಟು ಬಂದರೆ ಇನ್ನೂ ದೊಡ್ಡ ವಿದ್ಯೆ. ಅದನ್ನು ಮುದ್ರೆ ಒತ್ತಿ ಇಟ್ಟುಕೊಳ್ಳಬೇಕು, ತಂದವನಿಗೆ ತಿರುಗಿ ಕೊಡುವಂತಿಲ್ಲ. ಎಮ್ಮೆ ಮಾರಿ ಬಂದ ರೈತನಿಗೆ, ನಿನ್ನ ರೊಕ್ಕದಲ್ಲಿ ಒಂದು ನೋಟು ಸುಳ್ಳು, ಅದಕ್ಕೆ ಬದಲಿಯೂ ಇಲ್ಲ, ಅದು ನಿನ್ನ ಕೈಗೂ ಬರುವುದಿಲ್ಲ ಎಂದು ತಿಳಿಸಿ, ಬೈಸಿಕೊಂಡು, ಹಿಂದಿನವನನ್ನು ಕರೆಯಬೇಕು. ಸಂಜೆ ಲೆಕ್ಕ ಕೂಡದಿದ್ದರೆ ಕೊರತೆಯನ್ನು ಸ್ವಂತ ಜೇಬಿನಿಂದ ತುಂಬಬೇಕು. ಇದಕ್ಕೆಲ್ಲ ಪಠ್ಯಕ್ರಮದಲ್ಲಿ ಎಷ್ಟು ಅಂಕ ಇಟ್ಟಿದ್ದಾರೆ ಎಂದು ಕೇಳಬೇಡಿ.

ಅಂಕದ ಮಾತು ಬಂದಾಗ ಕನ್ನಡದ ಮಾತೂ ಬರಬೇಕು. ಪ್ರಶ್ನೆಪತ್ರಿಕೆ ಈಗ ಕನ್ನಡದಲ್ಲಿಯೂ ಸಿಗುತ್ತದೆ, ಸಂತೋಷ. ಆದರೆ ಇಂಗ್ಲಿಷಿಗೆ 30 ಅಂಕ, ಕನ್ನಡಕ್ಕೆ ಸೊನ್ನೆ. ಸ್ಥಳೀಯ ಭಾಷೆಯ ಪರೀಕ್ಷೆ ನಡೆಯುವುದು ಎಲ್ಲ ಮುಗಿದ ಮೇಲೆ, ಮದುವೆ ಆದ ಬಳಿಕ ಜಾತಕ ನೋಡಿದ ಹಾಗೆ. ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಕೇಳಿಸುತ್ತದೆ ಎನ್ನುತ್ತಾರೆ. ಕೆಲವು ಕೌಂಟರುಗಳಲ್ಲಿ ಏಳು ಸಲ ಕೂಗಿದರೂ ಒಮ್ಮೆಯೂ ಕೇಳಿಸುವುದಿಲ್ಲ. ಒಳಗೆ ಕೂತ ಹುಡುಗನ ತಪ್ಪೂ ಅಲ್ಲ ಅದು. ಪಾಪ, ಅವನನ್ನು ಯಾರೂ ಇದನ್ನು ಕೇಳಿರಲಿಲ್ಲ.

ಇನ್ನು ಅರ್ಜಿ. ಅಭ್ಯರ್ಥಿ ಪದವೀಧರನಾಗಿರಬೇಕು, ಹಾಗೂ ಎಡಗೈ ಹೆಬ್ಬೆಟ್ಟಿನ ಗುರುತು ಒತ್ತಬೇಕು. ಎಂಜಿನಿಯರಿಂಗ್ ಓದಿದವನೂ ಒತ್ತಬೇಕು. ಒತ್ತಿದ ಹೆಬ್ಬೆಟ್ಟಿನ ಸ್ಕ್ಯಾನ್ ಚಿತ್ರ 20ರಿಂದ 50 ಕೆಬಿ ಒಳಗೆ ಇರಬೇಕು. ದಪ್ಪ ಬೆರಳಿನವರು ಸೈಬರ್ ಕೆಫೆಯಲ್ಲಿ ರೊಕ್ಕ ಕೊಟ್ಟು ಹೆಬ್ಬೆಟ್ಟನ್ನು ಇಳಿಸಿಕೊಳ್ಳುತ್ತಾರೆ. ಜೊತೆಗೆ, ಮೇಲೆ ತಿಳಿಸಿದ್ದೆಲ್ಲ ನಿಜವೆಂದು ಸ್ವಂತ ಕೈಬರಹದಲ್ಲಿ ಒಂದು ಘೋಷಣೆ, ಅದೂ ಇಂಗ್ಲಿಷಿನಲ್ಲಿಯೇ, ದೊಡ್ಡ ಅಕ್ಷರಗಳನ್ನು ಬಳಸದೆ.

ಆದ್ದರಿಂದ ನನ್ನದೊಂದು ಸಲಹೆ. ಆಯ್ಕೆಯ ಕೊನೆಯ ಹಂತವನ್ನು ಆ ಮುದುಕಿಯ ಕೈಗೆ ಒಪ್ಪಿಸಿ. ಆಕೆ ಒಂದು ಇಲಿ ಕಡಿದ ನೋಟು, ಒಂದು ಹಿಡಿ ಹತ್ತು ರೂಪಾಯಿ ನಾಣ್ಯ, ಮೊಮ್ಮಗಳ ಹೆಸರಿನ ಪಾಸ್‌ಬುಕ್ಕು ಹಿಡಿದು ಕಿಂಡಿಯ ಮುಂದೆ ನಿಲ್ಲುತ್ತಾಳೆ. ಹತ್ತು ನಿಮಿಷ ಸಾಕು. ಆಕೆ ಅಭ್ಯರ್ಥಿಯ ಮೇಲೆ ಸಿಟ್ಟಾಗದೆ ಹೊರಗೆ ಬಂದರೆ ಅವನು ಪಾಸು. ಆಕೆಗೆ ಗೌರವಧನ ಕೊಡಿ, ಇಂಡಿಯಿಂದ ಬಂದುಹೋಗುವ ಬಸ್ ಚಾರ್ಜು ಕೊಡಿ, ಸಾಕು.

ಸಲಹೆಯನ್ನು ಬಲ್ಲವರೊಬ್ಬರಿಗೆ ಹೇಳಿದೆ. ಅವರು ಗಂಭೀರವಾಗಿಯೇ ಕೇಳಿಕೊಂಡರು. ಪರೀಕ್ಷಕಿಯಾಗಿ ಮುದುಕಿ ಮೊದಲು ನೋಂದಾಯಿಸಿಕೊಳ್ಳಬೇಕಾಗುತ್ತದೆ ಎಂದರು. ಹೆಬ್ಬೆಟ್ಟಿಗೆ ತೊಂದರೆಯಿಲ್ಲ, ಅದು ಆಕೆಗೆ ಅಭ್ಯಾಸವೇ ಇದೆ. ಕೈಬರಹದ ಇಂಗ್ಲಿಷ್ ಘೋಷಣೆಯ ಹತ್ತಿರ ಅರ್ಜಿ ನಿಂತಿದೆ.