ಮಂಡಿಗೆ ಸೂಜಿ ಹಾಕಿಸುವ ಮೊದಲು

ಮೂರು ವರ್ಷಗಳ ಹಿಂದಿನ ಮಾತು. ಪೂಜೆ ಮುಗಿಸಿದ ಅಮ್ಮ ದೇವರ ಮನೆಯ ಬಾಗಿಲ ಚೌಕಟ್ಟನ್ನು ಹಿಡಿದು ಏಳಲು ನೋಡಿದಳು, ಆಗಲಿಲ್ಲ. ಇನ್ನೊಮ್ಮೆ ನೋಡಿದಳು. ಮತ್ತೆ ಮಣೆಯ ಮೇಲೆ ಕುಳಿತುಬಿಟ್ಟಳು. ನನ್ನನ್ನು ಕರೆಯಲಿಲ್ಲ. ಅಡುಗೆಮನೆಯಿಂದ ನಾನು ನೋಡುತ್ತಿದ್ದುದು ಅವಳಿಗೆ ಗೊತ್ತಿರಲಿಲ್ಲ.

ಆ ವಾರವೇ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಗ್ರೀಸ್ ಮುಗಿದಿದೆ. ಸದ್ಯಕ್ಕೆ ಸೂಜಿ ಹಾಕೋಣ, ಮುಂದೆ ಮಂಡಿ ಬದಲಾಯಿಸಬೇಕಾಗುತ್ತದೆ" ಎಂದರು. ಅಮ್ಮನ ಮಂಡಿಯನ್ನು ಮುಟ್ಟಿ ನೋಡಲಿಲ್ಲ. ಮನೆಯಲ್ಲಿ ಯಾವ ಕೆಲಸ ಕಷ್ಟವಾಗುತ್ತಿದೆ ಎಂದು ಕೇಳಲಿಲ್ಲ.

ಈ "ಗ್ರೀಸ್ ಮುಗಿದಿದೆ" ಎಂಬ ಮಾತಿನ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಮಂಡಿ ಗಿರಣಿಯ ಯಂತ್ರವಲ್ಲ. ಕೀಲಿನೊಳಗೆ ಮೂಳೆಯ ತುದಿಗಳನ್ನು ಹೊದ್ದಿರುವ ನುಣುಪಾದ ಪದರ, ಅಂದರೆ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ನಡೆಯುವಾಗ ಭಾರ ಬಿದ್ದು, ಭಾರ ಬಿಟ್ಟು, ಸುತ್ತಲಿನ ದ್ರವದಿಂದಲೇ ಅದಕ್ಕೆ ಪೋಷಣೆ ಸಿಗಬೇಕು. ಗ್ರೀಸಿನ ಮಾತು ಕೇಳಿದವರು ಏನು ಮಾಡುತ್ತಾರೆ? ನಡೆದರೆ ಇನ್ನಷ್ಟು ಸವೆಯುತ್ತದೆ ಎಂದು ಹೆದರಿ ಕುಳಿತುಬಿಡುತ್ತಾರೆ. ತೊಡೆಯ ಸ್ನಾಯು ಸೊರಗುತ್ತದೆ, ತೂಕ ಏರುತ್ತದೆ, ನೋವು ಹೆಚ್ಚುತ್ತದೆ. ಅಮ್ಮನೂ ಅದಾಗಲೇ ಸಂಜೆಯ ನಡಿಗೆ ಬಿಟ್ಟು ಆರು ತಿಂಗಳಾಗಿತ್ತು.

ಸೂಜಿಗೆ ಒಪ್ಪದೆ ನಮ್ಮ ಬಡಾವಣೆಯ ಹಳೆಯ ವೈದ್ಯರ ಬಳಿ ಹೋದೆವು. ಅವರು ಫಿಸಿಯೋಥೆರಪಿಗೆ ಕಳುಹಿಸಿದರು. ಅಲ್ಲಿದ್ದ ಹುಡುಗಿ ಎಕ್ಸ್‌ರೇ ನೋಡುವ ಮೊದಲು ಕೇಳಿದ್ದು, "ಅಮ್ಮಾ, ಕುರ್ಚಿಯಿಂದ ಕೈ ಊರದೆ ಎದ್ದು ತೋರಿಸುತ್ತೀರಾ?" ಅಮ್ಮನಿಂದ ಆಗಲಿಲ್ಲ. ಅಲ್ಲಿಂದಲೇ ಶುರುವಾಯಿತು. ಮಂಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು ಕೆಳಕ್ಕೆ ಒತ್ತಿ ಐದು ಎಣಿಸುವುದು. ಕಾಲನ್ನು ನೇರವಾಗಿ ಎತ್ತಿ ಹಿಡಿಯುವುದು. ಎತ್ತರದ ಕುರ್ಚಿಯಿಂದ ಏಳುವುದು, ಕೂರುವುದು. ವ್ಯಾಯಾಮ ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ, ಮರುದಿನಕ್ಕೆ ಅದು ಇಳಿದಿದ್ದರೆ ಸರಿ ಎಂದು ಆ ಹುಡುಗಿ ಹೇಳಿದ ಮೇಲೆ ಅಮ್ಮನಿಗೆ ಧೈರ್ಯ ಬಂತು. ಬಲಮಂಡಿ ಹೆಚ್ಚು ನೋಯುವುದರಿಂದ ಊರುಗೋಲನ್ನು ಎಡಗೈಯಲ್ಲಿ ಹಿಡಿಯಬೇಕು ಎಂಬುದೂ ನಮಗೆ ಅಲ್ಲಿಯೇ ತಿಳಿದದ್ದು.

ಮೊದಲ ತಿಂಗಳು ಏನೂ ಆಗಲಿಲ್ಲ. ಅಮ್ಮ ಗೊಣಗಿದಳು, ನಾನೂ ಸೋತೆ. ಮೂರನೆಯ ತಿಂಗಳಲ್ಲಿ ಒಂದು ದಿನ ಕೈ ಊರದೆ ಎದ್ದಳು. ಅಷ್ಟರಲ್ಲಿ ನಾಲ್ಕು ಕಿಲೋ ಇಳಿದಿದ್ದಳು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ ಎಂದು 2005ರ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಬಚ್ಚಲಿಗೆ ಕಮೋಡ್ ಹಾಕಿಸಿದೆವು. ರಕ್ತದೊತ್ತಡ ಇರುವುದರಿಂದ ನೋವಿನ ಮಾತ್ರೆ ನಿಲ್ಲಿಸಿ, ವೈದ್ಯರು ಹೇಳಿದಂತೆ ಹಚ್ಚುವ ಜೆಲ್‌ಗೆ ಬಂದೆವು.

ಸೂಜಿಯ ವಿಷಯವನ್ನು ನಾನು ಬಿಡದೆ ಓದಿದೆ. ಸ್ಟೆರಾಯ್ಡ್ ಸೂಜಿ ಕೆಲವು ವಾರ ನೋವು ತಗ್ಗಿಸುತ್ತದೆ, ಮದುವೆಯ ಮನೆಯಂಥ ಅನಿವಾರ್ಯಕ್ಕೆ ಅದು ಸರಿ ಇರಬಹುದು. ಆದರೆ ಮೂರು ತಿಂಗಳಿಗೊಮ್ಮೆ ಎರಡು ವರ್ಷ ಕೊಟ್ಟು ನೋಡಿದ 2017ರ ಅಧ್ಯಯನದಲ್ಲಿ ಹೋಲಿಕೆಗೆಂದು ಕೊಟ್ಟ, ಮದ್ದಿಲ್ಲದ ಉಪ್ಪುನೀರಿನ ಸೂಜಿಗಿಂತ ನೋವೇನೂ ಹೆಚ್ಚು ತಗ್ಗಲಿಲ್ಲ, ಮೃದ್ವಸ್ಥಿ ಮಾತ್ರ ಹೆಚ್ಚು ಸವೆದಿತ್ತು. ಈಗ ಎಲ್ಲೆಡೆ ಜಾಹೀರಾತಾಗುತ್ತಿರುವ, ನಮ್ಮದೇ ರಕ್ತದಿಂದ ತಯಾರಿಸುವ ಪಿಆರ್‌ಪಿ ಸೂಜಿಯನ್ನು ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ಪರೀಕ್ಷಿಸಿ, 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ವರ್ಷದ ಕೊನೆಗೆ ಅದಕ್ಕೂ ಉಪ್ಪುನೀರಿಗೂ ವ್ಯತ್ಯಾಸ ಕಾಣಲಿಲ್ಲ. ಪಿಂಚಣಿ ಹಣದಲ್ಲಿ ಬದುಕುವವರಿಗೆ ಇದನ್ನು ಮೊದಲ ಮದ್ದಾಗಿ ಮಾರುವುದು ಅನ್ಯಾಯ.

ಹಾಗೆಂದು ನಾನು ಶಸ್ತ್ರಚಿಕಿತ್ಸೆಯ ವಿರೋಧಿಯಲ್ಲ. ದೊಡ್ಡಮ್ಮ ಎಂಟು ವರ್ಷ ಹೆದರಿಕೊಂಡೇ ಕಳೆದರು. ಕಾಲು ಬಿಲ್ಲಿನಂತೆ ಬಾಗಿತು, ಮಹಡಿಯಲ್ಲಿದ್ದ ಮಗಳ ಮನೆಗೆ ಹೋಗುವುದನ್ನೇ ಬಿಟ್ಟರು, ರಾತ್ರಿ ನಿದ್ದೆಯಿಲ್ಲ. ಕೀಲು ಬದಲಿಸಿದ ಮೇಲೆ ರಾತ್ರಿಯಿಡೀ ಮಲಗಿದರು. ಅವರು ವ್ಯಾಯಾಮ ಮಾಡುತ್ತಾ ಕಾಯಬೇಕಾದ ಹಂತವನ್ನು ಯಾವಾಗಲೋ ದಾಟಿದ್ದರು. ಆದರೆ ಶಸ್ತ್ರಚಿಕಿತ್ಸೆಯ ನಂತರದ ವ್ಯಾಯಾಮವನ್ನು ಮೂರನೆಯ ವಾರಕ್ಕೇ ಕೈಬಿಟ್ಟರು. ಇಂದಿಗೂ ಆ ಮಂಡಿ ಪೂರ್ತಿ ಮಡಚುವುದಿಲ್ಲ. ನೆಲದ ಮೇಲೆ ಕೂರುವುದು ಕಷ್ಟವಾಗಬಹುದು ಎಂದು ಅವರಿಗೆ ಮೊದಲೇ ಯಾರೂ ಹೇಳಿರಲಿಲ್ಲ.

ಡೆನ್ಮಾರ್ಕ್‌ನಲ್ಲಿ 100 ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ನನಗೆ ಎರಡೂ ಕಡೆಯನ್ನು ತೋರಿಸಿತು. ಕೀಲು ಬದಲಿಸಿಕೊಂಡವರಿಗೆ ನೋವು ಹೆಚ್ಚು ತಗ್ಗಿತು, ಗಂಭೀರ ತೊಂದರೆಗಳೂ ಅವರಲ್ಲೇ ಹೆಚ್ಚು. ಶಸ್ತ್ರಚಿಕಿತ್ಸೆಯಿಲ್ಲದೆ ವ್ಯಾಯಾಮ, ತೂಕ ಇಳಿಕೆ, ಔಷಧಿಯಿಂದಲೇ ಶುರುಮಾಡಿದ ಗುಂಪಿನಲ್ಲಿ ವರ್ಷದೊಳಗೆ ಶಸ್ತ್ರಚಿಕಿತ್ಸೆಗೆ ಹೋದವರು ಸುಮಾರು ಕಾಲು ಭಾಗ ಮಾತ್ರ. ಖರ್ಚಿನ ಬಗ್ಗೆ ಒಂದು ಮಾತು: 2017ರ ಆಗಸ್ಟ್‌ನಿಂದ ಕೃತಕ ಮಂಡಿಯ ಬೆಲೆಗೆ ಸರ್ಕಾರ ಮಿತಿ ಹಾಕಿದೆ. ಬಿಲ್ಲಿನಲ್ಲಿ ಅದರ ಬೆಲೆಯನ್ನು ಪ್ರತ್ಯೇಕವಾಗಿ ಬರೆದುಕೊಡಿ ಎಂದು ಕೇಳಿ.

ಅಮ್ಮ ಈಗ ಗೋಡೆಯ ಕ್ಯಾಲೆಂಡರಿನಲ್ಲಿ, ನೋವಿನಿಂದ ಎಚ್ಚರವಾದ ರಾತ್ರಿಗಳಿಗೆ ಪೆನ್ಸಿಲಿನಲ್ಲಿ ಸೊನ್ನೆ ಸುತ್ತುತ್ತಾಳೆ. ಸೊನ್ನೆಗಳು ವಾರಕ್ಕೆ ಮೂರು ನಾಲ್ಕಾದರೆ ಶಸ್ತ್ರಚಿಕಿತ್ಸಕರನ್ನು ಕಾಣುವುದೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೇವೆ. ಕಳೆದ ತಿಂಗಳು ಎರಡೇ ಇದ್ದವು.